ಪ್ರಾರ್ಥನೆ ಇನ್ನೂ ಮುಗಿದಿಲ್ಲ

ವಿಶ್ವವಿದ್ಯಾಲಯದ ವಾರ್ಷಿಕೋತ್ಸವಕ್ಕೆ ಮುಂಚೆ ಕುಲಸಚಿವ ದೇವೀರಪ್ಪನವರು ನಿರೂಪಣೆಗೆ ನಿಂತಿದ್ದ ವಿದ್ಯಾರ್ಥಿನಿ ಚಂಪಾವತಿಯನ್ನು ಕರೆದರು. "ನಿಮ್ಮ ನಾಟಕ ಗೀಟಕಕ್ಕೆಲ್ಲ ಪುರುಸೊತ್ತಿಲ್ಲ. ಒಂದು ಪ್ರಾರ್ಥನೆ, ಆಮೇಲೆ ನನ್ನ ಭಾಷಣ, ಅಷ್ಟೇ!"

ತೆರೆಯ ಹಿಂದೆ ಬಣ್ಣ ಹಚ್ಚಿಕೊಂಡು ಕೂತಿದ್ದವರ ಮುಖ ಬಾಡಿತು. ವರ್ಷಕ್ಕೊಮ್ಮೆ ಸಿಗುವ ವೇದಿಕೆ ಅದು. ಚಂಪಾವತಿ ಅವರಿಗೆ ಏನೋ ಪಿಸುಗುಟ್ಟಿ ಬಂದು, ಮೈಕಿನಲ್ಲಿ ಹೇಳಿದಳು: "ಈಗ ವಿದ್ಯಾರ್ಥಿಗಳಿಂದ ಪ್ರಾರ್ಥನೆ."

ಗಣಪತಿ ಸ್ತುತಿ ಆಯಿತು. ಅದರ ಬಾಲ ಹಿಡಿದೇ ಪ್ರಹ್ಲಾದ ಬಂದ. ಅವನ ಹಿಂದೆ ಗದೆ ತಿರುಗಿಸುತ್ತಾ ಹಿರಣ್ಯಕಶಿಪು ಬಂದ.

ಕೈಮುಗಿದು ಕೂತಿದ್ದ ಕುಲಸಚಿವರು ಹಲ್ಲು ಕಡಿದರು. "ಪ್ರಾರ್ಥನೆಯಲ್ಲಿ ಈ ರಾಕ್ಷಸ ಯಾಕಮ್ಮ?"

"ಅವನಿಲ್ಲದೆ ನರಸಿಂಹ ದೇವರು ಬರೋದು ಹೇಗೆ ಸಾರ್?"

"ನಿಲ್ಲಿಸು ಮೊದಲು!"

ಚಂಪಾವತಿ ವಿನಯದಿಂದ ಮೈಕನ್ನು ಅವರ ಮುಂದೆ ಹಿಡಿದಳು. "ದೇವರ ಪ್ರಾರ್ಥನೆ ಸಾಕು ಅಂತ ನೀವೇ ಒಂದು ಮಾತು ಹೇಳಿಬಿಡಿ ಸಾರ್."

ಪಕ್ಕದಲ್ಲಿ ಮುಖ್ಯ ಅತಿಥಿ ಸ್ವಾಮೀಜಿ ಕಣ್ಣರಳಿಸಿ ನೋಡುತ್ತಿದ್ದರು. ಕುಲಸಚಿವರು ಮುಗಿದ ಕೈ ಬಿಡಲಿಲ್ಲ.

ಕಂಬ ಒಡೆಯಿತು, ನರಸಿಂಹ ಬಂದ, ಮಂಗಳವೂ ಆಯಿತು. ಸಭಾಂಗಣ ಚಪ್ಪಾಳೆಗೆ ನಡುಗಿತು. ತೆರೆಯ ಹಿಂದೆ ಎಲ್ಲರೂ ಉಸ್ಸಪ್ಪಾ ಎಂದು ಕುಸಿದು ಕೂತರು.

ಸ್ವಾಮೀಜಿ ಎದ್ದು, "ಇಂಥ ಪ್ರಾರ್ಥನೆ ಆದ ಮೇಲೆ ಭಾಷಣ ಯಾತಕ್ಕೆ? ಊಟಕ್ಕೆ ಏಳೋಣ," ಎಂದರು. ಅದಕ್ಕೆ ಇನ್ನೂ ಜೋರು ಚಪ್ಪಾಳೆ ಬಿತ್ತು.

ಭಾಷಣದ ಹಾಳೆ ಹಿಡಿದು ಅರ್ಧ ಎದ್ದಿದ್ದ ಕುಲಸಚಿವರ ಕೈಗೆ ಚಂಪಾವತಿ ಮೈಕು ಕೊಟ್ಟಳು.

"ವಂದನಾರ್ಪಣೆ ಒಂದು ಬಾಕಿ ಇದೆ ಸಾರ್. ಅದನ್ನು ನೀವೇ ಮಾಡಿಬಿಡಿ."