ಹೆರೆದ ಗಿಟಾರ್

"ಗುರುಗಳೇ, ನೀವು ಕಲಿಸಿದ ರಾಗಗಳ ಚೀಜುಗಳನ್ನು ಶಾಂತವೀರ ತನಗೆ ಬೇಕಾದ ಹಾಗೆ ತಿದ್ದಿಕೊಂಡು ಹಾಡುತ್ತಾನೆ. ಅವನನ್ನು ಇನ್ನೂ ನಮ್ಮ ಪರಂಪರೆಯವನು ಎನ್ನಬಹುದೆ?"

ಹೀಗೆ ಕೇಳಿದವನು ಹಿರಿಯ ಶಿಷ್ಯ ಮುರಿಗೆಪ್ಪ. ಗುರುಗಳ ಸನ್ಮಾನದ ದಿನ ಶಿಷ್ಯರಲ್ಲಿ ಯಾರು ಯಾರು ಹಾಡಬೇಕು ಎಂದು ಗೊತ್ತುಮಾಡುವ ಹೊಣೆ ಅವನದಾಗಿತ್ತು. ಶಾಂತವೀರನನ್ನು ಬಿಡಬೇಕೆಂದು ಅವನ ಮನಸ್ಸಿನಲ್ಲಿತ್ತು. ಗುರುಗಳ ಬಾಯಿಂದಲೂ ಆ ಮಾತು ಬಂದರೆ ಸಾಕು ಎಂದು ಕಾಯುತ್ತಿದ್ದ. ಗುರುಗಳು ತಂಬೂರಿಯನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಬೆಂಗಳೂರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಹಳೆಯ ವಾದ್ಯಗಳನ್ನು ಕೊಂಡು ಮಾರುವುದು ಅವನ ಕಸುಬು. ಯಾವ ವಾದ್ಯ ಅಸಲಿ, ಯಾವುದು ನಕಲಿ, ಯಾವ ಭಾಗ ಮೊದಲಿನದು, ಯಾವುದು ಆಮೇಲೆ ಸೇರಿದ್ದು ಎಂದು ಅವನು ಹೇಳಿದರೆ ಅದೇ ಕಡೆಯ ಮಾತು. ಲಾಭಕ್ಕಾಗಿ ಸುಳ್ಳು ಹೇಳುವವನಲ್ಲ ಎಂದು ಹೆಸರು ಪಡೆದಿದ್ದ.

ಒಂದು ದಿನ ಚಿನ್ನದ ಗಣಿಯ ಊರಿನಿಂದ ಒಬ್ಬ ಹೆಂಗಸು ಎಲೆಕ್ಟ್ರಿಕ್ ಗಿಟಾರ್ ಒಂದನ್ನು ತಂದಳು. ಅವಳ ಗಂಡ ಹಗಲು ಗಣಿಗಿಳಿದು, ಸಂಜೆ ಕ್ಲಬ್ಬಿನಲ್ಲಿ ಅದನ್ನು ನುಡಿಸುತ್ತಿದ್ದವನು. ತೀರಿಕೊಂಡು ವರ್ಷವಾಗಿತ್ತು. ಇದು ಅಮೆರಿಕದಲ್ಲಿ ಮಾಡಿದ ಬಹಳ ಹಳೆಯ ಗಿಟಾರ್, ಊರು ಬಿಟ್ಟು ಹೋಗುವಾಗ ಒಬ್ಬ ಎಂಜಿನಿಯರು ಪ್ರೀತಿಯಿಂದ ಕೊಟ್ಟದ್ದು ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಅವನು ತೀರಿಕೊಂಡ ಮೇಲೆ ಅವಳ ಮೈದುನ, ಅದೆಲ್ಲ ಬರೀ ಬುರುಡೆ ಎಂದು ನೆಂಟರ ಮುಂದೆ ನಕ್ಕಿದ್ದ.

"ಮಾರುವುದಕ್ಕೆ ಬಂದಿಲ್ಲಣ್ಣ," ಎಂದಳು. "ನಮ್ಮ ಮನೆಯವರು ಹೇಳಿದ್ದು ನಿಜವೋ ಸುಳ್ಳೋ, ಅಷ್ಟು ಹೇಳಿ."

ವ್ಯಾಪಾರಿ ತಿರುಪುಗಳನ್ನು ಬಿಚ್ಚಿ ಗಿಟಾರಿನ ಉದ್ದನೆಯ ಕತ್ತನ್ನು ಒಡಲಿನಿಂದ ಬೇರೆ ಮಾಡಿದ. ಒಳಗಿನ ಮರದಲ್ಲಿ ತಯಾರಿಸಿದವರ ಮುದ್ರೆ ಹಾಗೇ ಇತ್ತು. ಗಿಟಾರ್ ಅಸಲಿ. ಆದರೆ ಉಳಿದದ್ದನ್ನು ನೋಡಿ ಅವನಿಗೆ ಸಂಕಟವಾಯಿತು. ಮೊದಲಿನ ಬಣ್ಣದ ಮೇಲೆ ಯಾರೋ ನೀಲಿ ಬಳಿದಿದ್ದರು. ತಂತಿ ಬಿಗಿಯುವ ಬಿರಡೆಗಳು ಬೇರೆಯವು. ಕತ್ತಿನ ಹಿಂಬದಿಯನ್ನಂತೂ ಹೆರೆದು ತೆಳ್ಳಗೆ ಮಾಡಿದ್ದರು.

"ನಿಮ್ಮ ಯಜಮಾನರು ಸುಳ್ಳು ಹೇಳಿಲ್ಲಮ್ಮ. ಇದು ಅಸಲಿ. ಆದರೆ ಕೆಡಿಸಿಬಿಟ್ಟಿದ್ದಾರೆ. ಹಾಗೇ ಬಿಟ್ಟಿದ್ದರೆ ಇದಕ್ಕೆ ಬೆಲೆ ಕಟ್ಟಲಾಗುತ್ತಿರಲಿಲ್ಲ."

ಮೊದಲ ಮಾತಿಗೇ ಅವಳ ಕಣ್ಣು ತುಂಬಿತು. ಮುಂದಿನದು ಅವಳಿಗೆ ಕೇಳಿಸಿತೋ ಇಲ್ಲವೋ. ಮನೆಯಲ್ಲಿ ನುಡಿಸುವವರು ಯಾರೂ ಇಲ್ಲ, ನುಡಿಸುವವರ ಕೈಗೆ ಸೇರಿಸಿ ಎಂದು ಹೇಳಿ ಗಿಟಾರನ್ನು ಅವನಲ್ಲೇ ಬಿಟ್ಟು ಹೋದಳು.

ಕೊಡುವ ಮುಂಚೆ ಅದನ್ನು ಸರಿಮಾಡಬೇಕು ಎಂದು ವ್ಯಾಪಾರಿಗೆ ಅನ್ನಿಸಿತು. ನೀಲಿಯನ್ನು ಕೆರೆದು ತೆಗೆದ. ಅದೇ ಕಾಲದ ಬಿರಡೆಗಳನ್ನು ಹುಡುಕಿ ತಂದ. ಹೆರೆದ ಕತ್ತನ್ನು ತೆಗೆದಿಟ್ಟು, ಅದೇ ಇಸವಿಯ ಇನ್ನೊಂದನ್ನು ಹೊರದೇಶದಿಂದ ತರಿಸಿ ಕೂರಿಸಿದ. ತಿಂಗಳುಗಟ್ಟಲೆ ಹಿಡಿದ ಕೆಲಸ. ಮುಗಿದಾಗ ಗಿಟಾರ್ ಮೊದಲ ದಿನ ಹೇಗಿತ್ತೋ ಹಾಗಾಗಿತ್ತು. ಸಂತೋಷ ತಡೆಯಲಾರದೆ ಅವಳಿಗೆ ಫೋನು ಮಾಡಿ, ಬಂದು ನೋಡಿಕೊಂಡು ಹೋಗಿ ಎಂದ.

ಅವಳು ಬಂದಳು. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕತ್ತಿನ ಹಿಂದೆ ಕೈಯಾಡಿಸಿದಳು. ಬಹಳ ಚೆನ್ನಾಗಿದೆ ಎಂದಳು. ಆಮೇಲೆ, ನಮ್ಮದು ಎಲ್ಲಿ ಎಂದು ಕೇಳಿದಳು.

ವ್ಯಾಪಾರಿ ಒಳಗೆ ಹೋಗಿ ಹಳೆಯ ಕತ್ತನ್ನು ತಂದು ಅವಳ ಕೈಗೆ ಕೊಟ್ಟ. ಅವಳು ಅದನ್ನು ಹಿಡಿದುಕೊಂಡೇ ನಡೆದದ್ದನ್ನು ಹೇಳಿದಳು. ಗಣಿಯಲ್ಲಿ ಕಲ್ಲು ಬಿದ್ದು ಗಂಡನ ಎಡಗೈಯ ಬೆರಳುಗಳು ಮುರಿದಿದ್ದವು. ಮೂಳೆ ಕೂಡಿಕೊಂಡರೂ ಬೆರಳು ಚಾಚಲಾಗುತ್ತಿರಲಿಲ್ಲ, ಗಿಟಾರಿನ ಕತ್ತು ಹಿಡಿಗೆ ಸಿಗುತ್ತಿರಲಿಲ್ಲ. ಇವನ ನುಡಿಸಾಣಿಕೆ ಮುಗಿಯಿತು ಎಂದು ಊರೆಲ್ಲ ಅಂದುಕೊಂಡಿತು. ಅವನು ಹಿತ್ತಲಲ್ಲಿ ಕುಳಿತು ಗಾಜಿನ ಚೂರಿನಿಂದ ಮರವನ್ನು ಹೆರೆದ. ಸ್ವಲ್ಪ ಹೆರೆಯುವುದು, ಹಿಡಿದು ನೋಡುವುದು, ಮತ್ತೆ ಹೆರೆಯುವುದು. ಆಮೇಲೆ ಸಾಯುವವರೆಗೂ ನುಡಿಸಿದ.

"ಕೆಡಿಸಿದ್ದಲ್ಲಣ್ಣ ಇದು," ಎಂದಳು. "ಇದು ಅವರ ಕೈಯಳತೆ."

ವ್ಯಾಪಾರಿ ಅವಳ ಎದುರಿಗೇ ಹಳೆಯ ಕತ್ತನ್ನು ಮತ್ತೆ ಕೂರಿಸಿದ. ಕೆರೆದ ನೀಲಿಯನ್ನು ಮಾತ್ರ ಮರಳಿ ತರಲಾಗಲಿಲ್ಲ. ಮದುವೆಯಾದ ವರ್ಷ ಅವಳೇ ಆರಿಸಿದ ಬಣ್ಣವಂತೆ ಅದು. ಅವನು ತಲೆ ತಗ್ಗಿಸಿ ಅವಳ ಕ್ಷಮೆ ಕೇಳಿದ. ಮುಂದೆ ಹಳೆಯ ವಾದ್ಯಗಳನ್ನು ಕೂಡಿಡುವವರು ಬಂದು ನೋಡಿ, ಕತ್ತು ಹಾಳಾಗಿದೆ ಎಂದು ಬಿಟ್ಟು ಹೋದರು. ಕಡೆಗೆ ಚರ್ಚಿನಲ್ಲಿ ನುಡಿಸುವ ಒಬ್ಬ ನರ್ಸ್ ಬಂದಳು. ಪುಟ್ಟ ಕೈಯವಳು. ಎತ್ತಿಕೊಂಡವಳು ಅಂಗಡಿ ಮುಚ್ಚುವವರೆಗೂ ಕೆಳಗಿಡಲಿಲ್ಲ. ವ್ಯಾಪಾರಿ ಗಿಟಾರನ್ನು ಅವಳಿಗೇ ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪನಿಗೆ ಸಮಾಧಾನವಾಗಲಿಲ್ಲ. ಅದು ಮರದ ಮಾತಾಯಿತು, ನಮ್ಮದು ವಿದ್ಯೆ ಎಂದ. ನೀವು ಕಲಿಸಿದ್ದರಲ್ಲಿ ಒಂದು ಸ್ವರವೂ ಆಚೀಚೆಯಾಗದಂತೆ ನಾನು ಕಾಪಾಡಿಕೊಂಡು ಬಂದಿಲ್ಲವೇ ಎಂದು ಕೇಳಿದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು:

"ನಾನು ನಿನಗೆ ಕಲಿಸಿದ್ದು ನನ್ನ ಗುರುಗಳು ಹಾಡಿದ ಹಾಗಲ್ಲ, ಮುರಿಗೆಪ್ಪ, ನನ್ನ ಗಂಟಲಿಗೆ ಒಗ್ಗಿದ ಹಾಗೆ."