ಗುರುಬಾಯವ್ವನ ಶಿಷ್ಯರು ಕುರಿಹಾಳಕ್ಕೆ ಹೋದದ್ದು

ಬಹಳ ಹಿಂದಿನ ಮಾತು, ಯಾವ ಕಾಲ ಅಂತ ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ಹಿರೇಮಡು ಅನ್ನೋ ಊರಿನಲ್ಲಿ ಗುರುಬಾಯವ್ವ ಅಂತ ಒಬ್ಬಳು ಓದುಬರಹ ಕಲಿಸುತ್ತಿದ್ದಳಂತೆ. ಓದು ಮುಗಿದವರನ್ನು ಅವಳು ಮನೆಗೆ ಕಳಿಸುತ್ತಿರಲಿಲ್ಲ, ಗುರುತಿಲ್ಲದ ಊರಿಗೆ ಕಳಿಸುತ್ತಿದ್ದಳು. ಅಲ್ಲಿಯ ಜನರ ಒಂದು ತೊಂದರೆ ನೀಗುವ ಕೆಲಸ ಹೂಡಬೇಕು, ನೀವು ಬಿಟ್ಟು ಬಂದ ಮೇಲೂ ಅದು ತನ್ನ ಕಾಲ ಮೇಲೆ ನಿಂತಿರಬೇಕು, ಆಗಲೇ ನಿಮ್ಮ ವಿದ್ಯೆ ಮುಗಿಯಿತು ಅನ್ನುತ್ತಿದ್ದಳಂತೆ.

ಹಾಗೆ ಚನಮಲ್ಲ ಎಂಬ ಶಿಷ್ಯ ಇನ್ನಿಬ್ಬರ ಜೊತೆ ಕುರಿಹಾಳಕ್ಕೆ ಹೋದ. ಅದು ಕಂಬಳಿಯ ಊರು. ಕಂಬಳಿ ಕೇಳಿಕೊಂಡು ಬರುವವರು ಬೇಕಾದಷ್ಟು. ಆದರೆ ಹೆಂಗಸರು ನೂತ ಉಣ್ಣೆ ಮಗ್ಗಕ್ಕೆ ಸಾಲುತ್ತಿರಲಿಲ್ಲ, ಊರಿಗೆ ಹೊಟ್ಟೆತುಂಬ ಊಟವಿರಲಿಲ್ಲ. ಚನಮಲ್ಲ ಬಡಿಗನ ಮಗ. ರಾಟೆಗಳು ಹಳೆಯವು ಅಂದುಕೊಂಡು ತಿಂಗಳು ದುಡಿದು ಹನ್ನೆರಡು ಹೊಸ ರಾಟೆ ಮಾಡಿಕೊಟ್ಟ. ಹೆಂಗಸರು ಕೈಮುಗಿದು ಇಸಿದುಕೊಂಡರು. ಸ್ವಲ್ಪ ದಿನ ಬಿಟ್ಟು ನೋಡಿದರೆ ರಾಟೆಗಳ ಮೇಲೆ ಕೋಳಿ ಕೂತಿದ್ದವಂತೆ!

ಸಿಟ್ಟಿನಿಂದ ಹಿರೇಮಡುವಿಗೆ ಓಡಿಬಂದು, ಅದು ಸೋಮಾರಿಗಳ ಊರು ಅಂದ. ಗುರುಬಾಯವ್ವ ಬೈಯಲಿಲ್ಲ. ರಾಟೆ ಬೇಕು ಅಂತ ನಿನಗೆ ಯಾರು ಹೇಳಿದರು ಅಂತ ಕೇಳಿದಳಂತೆ, ಅಷ್ಟೇ.

ಚನಮಲ್ಲ ಕುರಿಹಾಳಕ್ಕೆ ತಿರುಗಿ ಹೋದ. ಈ ಸಲ ಮಾಳವ್ವ ಎಂಬವಳ ಅಂಗಳದಲ್ಲಿ ಕೂತು, ಬೆಳಗಿನಿಂದ ಅವಳು ಮಾಡುವುದನ್ನೆಲ್ಲ ನೋಡಿದ. ಅವಳು ನಾಲ್ಕು ಎಳೆ ತೆಗೆಯುವಳು, ಏಳುವಳು. ಮತ್ತೆ ಕೂರುವಳು, ಏಳುವಳು. ಯಾಕೆ ಅಂತ ಅವನು ಯೋಚಿಸುತ್ತಿರುವಾಗಲೇ ಅವಳ ಕೂಸು ಅಂಬೆಗಾಲಿಟ್ಟುಕೊಂಡು ಹೋಗಿ ಉಣ್ಣೆ ತೊಳೆಯುವ ಹೊಂಡಕ್ಕೆ ಬಿತ್ತು. ಚನಮಲ್ಲ ಹಾರಿ ಎತ್ತಿದ. ಅದು ಅಳುವವರೆಗೆ ಅವನ ಜೀವದಲ್ಲಿ ಜೀವ ಇರಲಿಲ್ಲ ಅಂತಾರೆ.

"ಹ್ವಾದ ವರ್ಷ ಎರಡು ಕೂಸು ಹಿಂಗ ಹೋದ್ವು, ಯಪ್ಪಾ," ಅಂದಳು ಮಾಳವ್ವ. "ನೂಲ್ಕೋಂತ ಕೂತ್ರ ಇವನ್ನ ಯಾರ್ ನೋಡ್ತಾರ?"

"ಮೊದಲ ಯಾಕ ಹೇಳಲಿಲ್ಲ, ಯವ್ವಾ?"

"ನೀ ಕೇಳಿದ್ದೇನು?"

ಮರುದಿನವೇ ಮೂವರು ಶಿಷ್ಯರೂ ಸೇರಿ ಬೇವಿನ ಮರದಡಿ ಚಪ್ಪರ ಹಾಕಿ, ಸಾಲಾಗಿ ತೊಟ್ಟಿಲು ಕಟ್ಟಿದರು. ಮೂಲೆ ಹಿಡಿದಿದ್ದ ಮುದುಕಿಯರು ಕೂಸು ನೋಡಲು ಬಂದರು. ಕಂಬಳಿ ಮಾರಿದಾಗಲೆಲ್ಲ ತಾಯಂದಿರು ಅವರಿಗೆ ಜೋಳ ಕೊಟ್ಟರು. ರಾಟೆ ತಿರುಗಿದವು, ಮುದುಕಿಯರೂ ಉಂಡರು. ಆ ಹೊಂಡಕ್ಕೆ ಮತ್ತೆ ಯಾವ ಕೂಸೂ ಬೀಳಲಿಲ್ಲ. ಶಿಷ್ಯರು ಊರು ಬಿಟ್ಟದ್ದು ಎಷ್ಟೋ ದಿನ ಯಾರ ಗಮನಕ್ಕೂ ಬರಲಿಲ್ಲವಂತೆ. ಅದನ್ನು ಕೇಳಿ ಗುರುಬಾಯವ್ವ ಊರಿಗೆಲ್ಲ ಹೋಳಿಗೆ ಹಾಕಿಸಿದಳು ಅಂತ ಕೆಲವರು, ಹೋಳಿಗೆಯಲ್ಲ, ಬರೀ ಬೆಲ್ಲ ಹಂಚಿದಳು ಅಂತ ಕೆಲವರು.

ಆ ಕಡೆ ಈಗಲೂ ಮನೆಗೆ ಹೊಸ ರಾಟೆ ತಂದರೆ ಮೊದಲು ಅದರ ಪಕ್ಕ ತೊಟ್ಟಿಲು ಕಟ್ಟುತ್ತಾರೆ. ಮನೆಯಲ್ಲಿ ಕೂಸಿಲ್ಲದಿದ್ದರೆ ಪಕ್ಕದ ಓಣಿಯಿಂದ ಒಂದನ್ನು ಕೇಳಿ ತಂದು ಮಲಗಿಸುತ್ತಾರೆ. ಅದಕ್ಕೆ ನಿದ್ದೆ ಹತ್ತಿದ ಮೇಲೆಯೇ ಮೊದಲ ಎಳೆ ತೆಗೆಯುವುದು.