ಬಾವಿಗೆ ಬಿದ್ದ ಚೊಂಬು

ಚುನಾವಣೆ ಸೋತ ಹನ್ನೊಂದನೇ ದಿನ ಕೊಟ್ರೇಶಿ ತನ್ನ ಗುರುವಿನ ಮಠಕ್ಕೆ ಬಂದ. ಈ ಸಲ ಹಿಂದೆ ಕಾರುಗಳಿರಲಿಲ್ಲ, ಹಾರ ಹಿಡಿದವರಿರಲಿಲ್ಲ. ಬತ್ತಿದ ಹೊಳೆಯ ದಂಡೆ ಹಿಡಿದು ಒಬ್ಬನೇ ನಡೆದು ಬಂದ.

ಚನ್ನವೀರಜ್ಜ ಬಾವಿಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಚೊಂಬುಗಳನ್ನು ತಿಕ್ಕುತ್ತಿದ್ದರು. ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿದರು.

"ಬಾರೋ ಕೊಟ್ರೇಶಿ. ಮೊದಲು ನೀರು ಕುಡಿ."

ಆ ಮಠದಲ್ಲಿ ಒಂದು ರೂಢಿ ಇತ್ತು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಅವರ ಹೆಸರು ಕೆತ್ತಿಸಿದ ಒಂದು ಚೊಂಬನ್ನು ಮಠಕ್ಕೆ ಕೊಡುತ್ತಿದ್ದರು. ಬಂದವರು ಆ ಹೆಸರನ್ನು ಬಾಯಿಬಿಟ್ಟು ಓದಿ, ಆಮೇಲೆ ನೀರು ಕುಡಿಯಬೇಕು. ನಾಲ್ಕು ವರ್ಷ ಅಲ್ಲೇ ಉಂಡು, ಓದಿ ಬೆಳೆದ ಕೊಟ್ರೇಶಿಗೆ ಇದು ಗೊತ್ತಿಲ್ಲದ್ದಲ್ಲ.

ಆದರೆ ಇವತ್ತು ಅವನು ಕಟ್ಟೆಯ ಮೇಲೆ ನೀರು ತುಂಬಿಟ್ಟಿದ್ದ ಚೊಂಬನ್ನೆತ್ತಿ ಗಟಗಟನೆ ಕುಡಿದು ಮತ್ತೆ ಅಲ್ಲೇ ಇಟ್ಟ. ಅಜ್ಜ ಕಿವಿಗೊಟ್ಟು ಸ್ವಲ್ಪ ಹೊತ್ತು ಕಾದರು. ಮತ್ತೆ ತಿಕ್ಕುವುದಕ್ಕೆ ಶುರುಮಾಡಿದರು.

"ಅಜ್ಜಾರೇ, ಒಂದು ಮಾತು ಕೇಳ್ತೀನಿ. ಬೈದದ್ದಕ್ಕೇ ನಾವು ಸೋತ್ವೇನ್ರಿ?"

"ಯಾರು ಹಂಗಂದ್ರು?"

"ನಮ್ಮ ಪಕ್ಷದವರೇ. ನನ್ನ ಬಾಯಿಂದ ಆರು ಕ್ಷೇತ್ರ ಹೋದ್ವು ಅಂತಾರ. ಅವತ್ತು ಶಿಳ್ಳೆ ಹೊಡೆದವರೂ ಅವರೇ ನೋಡ್ರಿ."

ಅವತ್ತು ಅಂದರೆ ಸಂತೆ ಮೈದಾನದಲ್ಲಿ ಸಭೆ ನಡೆದ ದಿನ. ವಿರೋಧ ಪಕ್ಷದ ಹುರಿಯಾಳು ಕೊಟ್ರೇಶಿ ಮೈಕು ಹಿಡಿದು, ಮಂತ್ರಿಯ ತಾಯಿಯ ಬಗ್ಗೆ ಎರಡು ಮಾತು ಅಂದುಬಿಟ್ಟ. ಅವು ಇಲ್ಲಿ ಬರೆಯುವಂಥ ಮಾತಲ್ಲ. ಬರೆಯದಿದ್ದರೂ ತಾಲೂಕಿಗೆಲ್ಲ ಗೊತ್ತು, ಮೊಬೈಲಿನಲ್ಲಿ ನೋಡದವರೇ ಇಲ್ಲ. ಮರುದಿನ ಮಂತ್ರಿ ವೇದಿಕೆಯ ಮೇಲೆ ಕಣ್ಣೊರೆಸಿಕೊಂಡರು. ಅದನ್ನೂ ಎಲ್ಲರೂ ನೋಡಿದರು.

"ಅವರು ನಮಗೆ ಬೈದಿಲ್ಲೇನ್ರಿ? ಐದು ವರ್ಷ ಬೈದರು. ನಮ್ಮ ಮನೆ ಹೆಣ್ಣುಮಕ್ಕಳನ್ನೂ ಬಿಡಲಿಲ್ಲ. ಅವರಿಗೆ ಒಂದು ಕೂದಲೂ ಕೊಂಕಲಿಲ್ಲ. ನಾನು ಒಂದೇ ಒಂದು ಸಲ ಬೈದೆ, ಮುಳುಗಿಹೋದೆ. ಇದ್ಯಾವ ನ್ಯಾಯ?"

ಹೇಳುತ್ತ ಭಾಷಣದ ಹುರುಪಿನಲ್ಲೇ ಕೈ ಬೀಸಿದ. ಚೊಂಬು ಕಟ್ಟೆಯಿಂದ ಜಾರಿ ಬಾವಿಗೆ ಬಿತ್ತು.

"ಕಾಣ್ತೈತೇನು?" ಅಜ್ಜ ಕೇಳಿದರು.

ಕೊಟ್ರೇಶಿ ಬಗ್ಗಿ ನೋಡಿದ. ಬೇಸಿಗೆಯಾದ್ದರಿಂದ ಬಾವಿಯಲ್ಲಿ ಆಳುದ್ದ ನೀರೂ ಇರಲಿಲ್ಲ. ತಿಳಿನೀರಿನ ತಳದಲ್ಲಿ ಚೊಂಬು ಹೊಳೆಯುತ್ತಿತ್ತು.

"ಚೆನ್ನಾಗಿ ಕಾಣ್ತೈತ್ರಿ."

"ಹಂಗಾದ್ರೆ ಎತ್ತು."

ಗೋಡೆಗೆ ನೇತುಹಾಕಿದ್ದ ಪಾತಾಳಗರಡಿಯನ್ನು ಕೊಟ್ರೇಶಿ ತಂದ. ಬಾವಿಗೆ ಬಿದ್ದ ಪಾತ್ರೆಗಳನ್ನು ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಹಗ್ಗ ಕಟ್ಟಿ ಮೆಲ್ಲಗೆ ಇಳಿಸಬೇಕು. ತಳ ಮುಟ್ಟಿದ ಮೇಲೆ ಒಂದೊಂದೇ ಬೆರಳಿನಷ್ಟು ಸರಿಸುತ್ತ ಹುಡುಕಬೇಕು. ಮಠದಲ್ಲಿದ್ದಾಗ ಹತ್ತಾರು ಬಿಂದಿಗೆ ಎತ್ತಿದ ಕೈ ಅವನದು.

ಮೊದಲ ಸಲ ಕೊಕ್ಕೆ ಚೊಂಬಿನ ಕಂಠಕ್ಕೆ ತಗುಲಿ ಜಾರಿತು. ಎರಡನೇ ಸಲ ಅರ್ಧ ದಾರಿಗೆ ಬಂದು ಬಿತ್ತು. ಮೂರನೇ ಸಲಕ್ಕೆ ಕೊಟ್ರೇಶಿಗೆ ಸಿಟ್ಟು ನೆತ್ತಿಗೇರಿತು. ಚೊಂಬಿಗೂ ಒಂದು ಬೈಗುಳ ಬೈದು, ಹಗ್ಗವನ್ನು ಎತ್ತೆತ್ತಿ ಕುಕ್ಕಿದ.

ತಳದ ಹೂಳೆಲ್ಲ ಮೇಲೆದ್ದಿತು. ಬಾವಿ ಕೆಂಪಾಯಿತು.

"ಈಗ?"

"ಏನೂ ಕಾಣವಲ್ದ್ರಿ. ರಾಡಿ ಆತು."

"ಬಿಡು. ತಿಳಿಯಾಗಲಿ. ಕೂತ್ಕೋ."

ಕೊಟ್ರೇಶಿ ಹಗ್ಗ ಕೆಳಗಿಟ್ಟು ಕೂತ. ಅಜ್ಜ ಕೈ ತೊಳೆದುಕೊಂಡರು.

"ಅವರೂ ಬೈದರು, ನಿಜ. ತಳದಾಗ ಏನೈತಿ ಅಂತ ಯಾರಿಗೂ ಕಾಣಬಾರದು ಅನ್ನೋನಿಗೆ ರಾಡಿಯಿಂದ ಏನು ನಷ್ಟ? ಎತ್ತಬೇಕಾದವ ನೀನಿದ್ದಿ."

ಕೊಟ್ರೇಶಿ ಒದ್ದೆ ಹಗ್ಗವನ್ನು ಸುರುಳಿ ಸುತ್ತತೊಡಗಿದ.

"ಅವತ್ತು ಏನು ಎತ್ತಬೇಕಂತ ಹೋಗಿದ್ದಿ?"

"ಆಸ್ಪತ್ರೆ ವಿಷಯ. ನಮ್ಮ ಕಡೆ ಹೆರಿಗೆ ಡಾಕ್ಟರಿಲ್ಲದೆ ಮೂರು ವರ್ಷ ಆತಲ್ರಿ."

"ಅದನ್ನ ನೀನೇ ಹೇಳೋನಿದ್ದೇನು?"

"ಇಲ್ರಿ. ಹಾಲಮ್ಮ ಹೇಳೋಳಿದ್ಲು."

ಕಂಬಳಿ ನೇಯುವ ಹಾಲಮ್ಮನ ಮಗಳು, ಜಿಲ್ಲಾ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲಿ ಟೆಂಪೋದೊಳಗೇ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ಸಭೆಯಲ್ಲಿ ಬಂದು ಮಾತಾಡು ಅಂತ ಕೊಟ್ರೇಶಿ ಅವಳ ಮನೆಗೆ ಐದು ಸಲ ಹೋಗಿ ಕೇಳಿಕೊಂಡಿದ್ದ. ನಾಲ್ಕು ಸಲ ಅವಳು ಒಲ್ಲೆ ಅಂದಳು. ಐದನೇ ಸಲ, "ನನ್ನ ಮಗಳಂತೂ ಬರಂಗಿಲ್ಲ, ಇನ್ನೊಬ್ಬರ ಮಗಳು ಉಳೀಲಿ" ಅಂತ ಒಪ್ಪಿದಳು.

"ಬೆಳಿಗ್ಗೆ ಒಂಬತ್ತಕ್ಕೇ ಬಂದು ವೇದಿಕೆ ಮೇಲೆ ಕೂತಿದ್ಲು. ಮಗಳು ಬಸುರಿದ್ದಾಗ ಆಸ್ಪತ್ರೆಯವರು ಕೊಟ್ಟ ತಾಯಿ ಕಾರ್ಡು ತೊಡೆ ಮೇಲಿಟ್ಕೊಂಡು. ನಾನು ಹತ್ತು ನಿಮಿಷ ಮಾತಾಡಿ ಮೈಕು ಅವಳಿಗೆ ಕೊಡೋದಂತ ಮಾತಾಗಿತ್ತು."

"ಕೊಟ್ಟೇನು?"

"ಆ ಎರಡು ಮಾತಿಗೆ ಜನ ಹುಚ್ಚೆದ್ದು ಕುಣಿದರು. ಅಜ್ಜಾರೇ, ಅಂಥ ಶಿಳ್ಳೆ ನನ್ನ ಜನ್ಮದಾಗ ಕೇಳಿರಲಿಲ್ಲ. ಆಮೇಲೆ ಹಾಲಮ್ಮ ಎರಡು ಸಲ ಎದ್ದು ಮೈಕಿನ ಹತ್ರ ಹೋದ್ಲಂತ. ಮೈಕಿನವ ಆಗಲೇ ವೈರು ಸುತ್ತಾಕ್ಹತ್ತಿದ್ನಂತ."

"ಅಂತ ಅಂದ್ರೆ? ನೀ ನೋಡಲಿಲ್ಲೇನು?"

ಕೊಟ್ರೇಶಿಯ ದನಿ ಇಳಿಯಿತು. "ಜನ ನನ್ನ ಹೆಗಲ ಮೇಲೆ ಹೊತ್ಕೊಂಡಿದ್ರು."

ಬಾವಿಯೊಳಗೆ ಎಲ್ಲೋ ಒಂದು ಕಲ್ಲು ಉದುರಿತು.

"ಡಾಕ್ಟರು ಬಂದ್ರೇನು?"

"ಇಲ್ಲ."

"ಯಾರಾದ್ರೂ ಕೇಳಿದ್ರೇನು?"

"ಇಲ್ಲ. ಪೇಪರಿನವರು, ಟಿವಿಯವರು, ಎಲ್ಲರೂ ಕೇಳಿದ್ದು ಒಂದೇ. ಮಂತ್ರಿಯ ತಾಯಿಗೆ ಕ್ಷಮೆ ಕೇಳ್ತೀರೋ ಇಲ್ಲೋ?"

"ಕೇಳಿದೇನು?"

"ಕೇಳಿದೆ. ಕೈ ಮುಗಿದು."

"ಹಾಲಮ್ಮಗ?"

ಕೊಟ್ರೇಶಿ ಬಾವಿಯೊಳಗೆ ಬಗ್ಗಿ ನೋಡಿದ. ನೀರು ಇನ್ನೂ ತಿಳಿಯಾಗಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಹನ್ನೊಂದು ದಿನದಿಂದ ಅವನು ಸೋತದ್ದಕ್ಕೆ ಸಂಕಟಪಟ್ಟಿದ್ದ. ಬೇರೆ ಸಂಕಟ ಈಗ ಶುರುವಾಯಿತು.

"ನಿನ್ನೊಬ್ಬನದೇ ತಪ್ಪಲ್ಲ ಬಿಡು," ಅಜ್ಜ ಅಂದರು. "ಇಲ್ಲಿದ್ದಾಗ ನೀ ಯಾರನ್ನರ ಹಂಗಿಸಿದ್ರೆ, ನಾ ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ. ಹುಡುಗನ ನಾಲಿಗೆ ಚುರುಕು ಅಂತ ಬಂದವರ ಮುಂದೆಲ್ಲ ಹೊಗಳ್ತಿದ್ದೆ. ಮೊದಲ ಶಿಳ್ಳೆ ಹೊಡೆದವ ನಾನೇ."

ಕೊಟ್ರೇಶಿ ಅವರ ಮುಖ ನೋಡಿದ. ಅಜ್ಜ ಹಾಗೆ ಕುಗ್ಗಿ ಕೂತದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

"ಬಾವಿಗೆ ಬಿತ್ತಲ್ಲ, ಆ ಚೊಂಬು ಯಾರದು ಗೊತ್ತೇನು?"

"ಇಲ್ರಿ."

"ನಾ ನೀರು ತುಂಬಿ ಅಲ್ಲಿಟ್ಟಿದ್ದು ಹೊಸದೊಂದೇ. ಮುಟ್ಟಿದ್ರೆ ತಿಳೀತೈತಿ, ಒಂದೂ ನೆಗ್ಗಿಲ್ಲ. ಹೋದ ವಾರ ಹಾಲಮ್ಮ ತಂದುಕೊಟ್ಲು, ಮಗಳ ಹೆಸರು ಕೆತ್ತಿಸಿ. ನೀ ಅದರಾಗೇ ನೀರು ಕುಡಿದಿ."

ಕೊಟ್ರೇಶಿ ತನ್ನ ಅಂಗೈ ನೋಡಿಕೊಂಡ.

"ಏನು ಹೆಸರು ಆಕಿ ಮಗಳದು?" ಅಜ್ಜ ಕೇಳಿದರು.

ಕೊಟ್ರೇಶಿ ಬಾಯಿ ತೆರೆದ. ಐದು ಸಲ ಆ ಮನೆಗೆ ಹೋಗಿದ್ದ. ಗೋಡೆಯ ಮೇಲಿನ ಫೋಟೋ ನೋಡಿದ್ದ. ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದಿದ್ದ. ಊರೂರಿನ ಭಾಷಣದಲ್ಲಿ "ಒಬ್ಬ ಬಡ ಹೆಣ್ಣುಮಗಳು" ಅಂತಲೇ ಹೇಳಿಕೊಂಡು ಬಂದಿದ್ದ. ಎಷ್ಟು ತಡಕಾಡಿದರೂ ಹೆಸರು ನೆನಪಿಗೆ ಬರಲಿಲ್ಲ.

"ನೀರು ತಿಳಿಯಾಗಲಿ ಅಜ್ಜಾರೇ. ಎತ್ತಿ ಓದ್ತೀನಿ," ಅಂದ.

ಅಜ್ಜ ಕಟ್ಟೆಯ ಅಂಚು ಹಿಡಿದು ಎದ್ದರು. ಕೋಲಿಗಾಗಿ ತಡಕಿದರು.

"ಕೊಡುವಾಗ ಆಕಿ ಹೆಸರು ಹೇಳಿಯೇ ಕೊಟ್ಟಿದ್ಲು. ನೀ ಬೈದ ಎರಡು ಮಾತು ನನಗ ಬಾಯಿಪಾಠ ಆಗ್ಯಾವು, ಆ ಹುಡುಗಿ ಹೆಸರು ಮರೆತುಹೋಗೇತಿ. ಚಪ್ಪಲಿ ಮೆಟ್ಕೋ, ಇಬ್ಬರೂ ಹೋಗಿ ಆ ತಾಯಿನ್ನೇ ಕೇಳೋಣ."